ಅಪ್ಪ ಔಟಾದರೆ ಏನು ಮಾಡಬೇಕು

ಆರು ವರ್ಷದ ಹೆಣ್ಣುಮಗುವಿನ ಕೈಗೆ ಬಂದೂಕು ಕೊಟ್ಟವನು ನಾನು. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ವಾಸಿ. ನಾನು ಬಾಯಿ ಬಿಡದಿದ್ದರೂ ಮಧುಗಿರಿಯಂಥ ಊರಿನಲ್ಲಿ ನಿಮಗೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಅದು ಪ್ಲಾಸ್ಟಿಕ್ಕಿನದು ಸ್ವಾಮಿ, ಆಟದ್ದು, ವೈರಿನಿಂದ ಯಂತ್ರಕ್ಕೆ ಕಟ್ಟಿಹಾಕಿದ್ದು ಎಂದು ನಾನೂ ವಿವರಿಸಿ ನೋಡಿದ್ದೇನೆ. ಆದರೆ ಲಕ್ವ ಹೊಡೆದು ಬಾಯಿ ಒಂದು ಕಡೆಗೆ ಎಳೆದುಕೊಂಡಿರುವ ಮನುಷ್ಯ ಏನು ವಿವರಿಸಿದರೂ ಗೊಣಗಿದಂತೆಯೇ ಕೇಳಿಸುತ್ತದೆ. ಗೊಣಗುವವನ ಮಾತನ್ನು ಪೂರ್ತಿ ಕೇಳುವಷ್ಟು ಪುರುಸೊತ್ತು ಯಾರಿಗಿದೆ? ಮಕ್ಕಳಿಗೆ ಎಂಥ ಆಟ ಕಲಿಸಬೇಕು ಎನ್ನುವ ಬಗ್ಗೆ ಮದುವೆಗೆ ಮುಂಚೆ ನನಗೂ ಬಹಳ ಸ್ಪಷ್ಟವಾದ ಅಭಿಪ್ರಾಯಗಳಿದ್ದವು. ಚೌಕಾಬಾರ, ಕೇರಂ, ಹೆಚ್ಚೆಂದರೆ ಚೆಸ್ಸು. ಬದುಕು ನನ್ನ ಅಭಿಪ್ರಾಯ ಕೇಳಲಿಲ್ಲ.

ನಾನು ಫೋಟೋಗ್ರಾಫರ್. ಅಂದರೆ, ಆಗಿದ್ದೆ. ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಸಣ್ಣದೊಂದು ಸ್ಟುಡಿಯೋ. ಮಧುಗಿರಿ, ಕೊರಟಗೆರೆ, ಶಿರಾ ಸುತ್ತಮುತ್ತ ನೀವು ಯಾವುದಾದರೂ ಮದುವೆಯ ಊಟಕ್ಕೆ ಹೋಗಿದ್ದರೆ, ಬಾಯಿ ತೆರೆದು ಹೋಳಿಗೆ ಇಟ್ಟುಕೊಳ್ಳುತ್ತಿರುವ ನಿಮ್ಮ ಚಿತ್ರವೊಂದು ನನ್ನ ಹತ್ತಿರ ಇರಲೂಬಹುದು. ಇಪ್ಪತ್ತು ವರ್ಷ ಬಲಗೈ ತೋರುಬೆರಳೊಂದರಿಂದಲೇ ಸಂಸಾರ ಸಾಗಿಸಿದವನು. ಹೋದ ವರ್ಷ ಚಳಿಗಾಲ ಮುಗಿಯುವ ಹೊತ್ತಿಗೆ ಆ ಬೆರಳೇ ಹೋಯಿತು. ಜೊತೆಗೆ ಉಳಿದ ನಾಲ್ಕು ಬೆರಳು, ಅರ್ಧ ಬಲಗಾಲು, ಕಾಲುಭಾಗ ನಾಲಿಗೆ.

ಅದಾದದ್ದು ಮನೆಯ ನಡುಮನೆಯಲ್ಲೇ. ಮಗಳು ಇಂಚರ ಶಾಲೆಯ ವಾರ್ಷಿಕೋತ್ಸವಕ್ಕೆ ಟೊಮೇಟೊ ಆಗಿದ್ದಳು. ಹೊಟ್ಟೆಯ ಸುತ್ತ ಕೆಂಪು ಸ್ಪಂಜು, ತಲೆಗೆ ಹಸಿರು ತೊಟ್ಟು. ಹೆಂಡತಿ ಗಿರಿಜಾ ಪಾವಗಡದ ಕಡೆಯ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಟೀಚರು. ಬೆಳಗ್ಗೆ ಏಳರ ಬಸ್ಸಿಗೇ ಹೋಗಿದ್ದಳು. ನಮ್ಮ ಜೊತೆಯಲ್ಲೇ ಇರುವ ನನ್ನ ಅತ್ತೆ, ತೋವಿನಕೆರೆಯ ಸಿದ್ದಗಂಗಮ್ಮನವರು, ಮಹಡಿಯ ಮೇಲೆ ಹಪ್ಪಳ ಹರವುತ್ತಿದ್ದರು. ನಾನು ಟೊಮೇಟೊವನ್ನು ಗೋಡೆಗೆ ನಿಲ್ಲಿಸಿ ಫೋಕಸ್ ಮಾಡುತ್ತಿದ್ದೆ. ಅಷ್ಟು ನೆನಪಿದೆ. ಅದರ ಮುಂದಿನ ನೆನಪು ತುಮಕೂರಿನ ಆಸ್ಪತ್ರೆಯ ಫ್ಯಾನು. ಬೀಳುವಾಗ ಕ್ಯಾಮೆರಾವನ್ನು ಎದೆಗವುಚಿಕೊಂಡೇ ಬಿದ್ದಿದ್ದೆನಂತೆ. ಅದಕ್ಕೆ ಒಂದು ಗೀರೂ ಆಗಿರಲಿಲ್ಲ. ಒಳ್ಳೆಯ ಕಸುಬುದಾರನ ಲಕ್ಷಣ.

ಮನೆಗೆ ಬಂದ ಮೇಲೆ ನೋಡಲು ಬರುವವರ ಸಾಲು. ಕಾಯಿಲೆಯವನ ಎದುರಿಗೇ ಅವನ ಕಾಯಿಲೆಯ ಬಗ್ಗೆ ಮೂರನೆಯವರಿಗೆ ಹೇಳುವುದು ನಮ್ಮ ಕಡೆಯ ಒಂದು ಮರ್ಯಾದೆ. ಹೆಂಡತಿಯ ಸೋದರಮಾವ ಪಾವಗಡದಿಂದ ಬಂದವರು ನನ್ನ ಬಲಗೈಯನ್ನು ಎತ್ತಿ, ಬಿಟ್ಟು, ಅದು ಹಾಸಿಗೆಯ ಮೇಲೆ ದೊಪ್ಪನೆ ಬಿದ್ದದ್ದನ್ನು ನೋಡಿ ಗಿರಿಜಾಗೆ ಹೇಳಿದರು: "ಅಯ್ಯೋ ಪಾಪಂ. ಅರ್ಧ ಗಂಟೆ ಮುಂಚೆ ಯಾರಾನಾ ನೋಡಿ ಕೂಗಿದ್ರೆ ಚೆಯ್ಯಿ ಉಳಿಯೋದು ಕಣಮ್ಮ. ಯಾರೂ ಇರ್ಲಿಲ್ವಾ ಮನ್ಯಾಗೆ?" ಬಾಗಿಲಲ್ಲಿ ಇಂಚರ ನಿಂತಿದ್ದಳು. ಅವರು ತಂದಿದ್ದ ಬಿಸ್ಕತ್ತಿಗೆ ಬಂದಿದ್ದಾಳೆ ಎಂದುಕೊಂಡೆ.

ಅವತ್ತಿನಿಂದ ಮಗು ನನ್ನ ಹತ್ತಿರ ಬರುವುದನ್ನೇ ಬಿಟ್ಟಳು. ಊಟದ ತಟ್ಟೆಯನ್ನು ಹೊಸಲಿನಲ್ಲಿಟ್ಟು ಓಡುವಳು. "ಅಪ್ಪನ ತಾವ ಕುತ್ಕೋ ಹೋಗೇ, ಏನ್ ಕಚ್ತಾರಾ?" ಎಂದು ಅತ್ತೆ ನೂಕಿದರೆ ಕಂಬ ಹಿಡಿದುಕೊಳ್ಳುವಳು. ನನ್ನ ಸೊಟ್ಟ ಮುಖಕ್ಕೆ ಹೆದರಿದ್ದಾಳೆ ಎಂದಳು ಗಿರಿಜಾ. ನಾನು ಎಡಗೈಯಲ್ಲಿ ಕನ್ನಡಿ ಹಿಡಿದು ನೋಡಿಕೊಂಡೆ. ಮಗುವಿನ ಹೆದರಿಕೆಯಲ್ಲಿ ನ್ಯಾಯವಿತ್ತು. ಒಂದು ಕಣ್ಣು ಮದುವೆಮನೆಯಲ್ಲಿ, ಇನ್ನೊಂದು ತಿಥಿಮನೆಯಲ್ಲಿ ಇದ್ದ ಹಾಗಿತ್ತು. ಇಪ್ಪತ್ತು ವರ್ಷ ಊರಿನವರಿಗೆಲ್ಲ "ಸ್ವಲ್ಪ ನಗಿ, ಸ್ವಲ್ಪ ನಗಿ" ಎಂದು ಪೀಡಿಸಿದ್ದ ನಾನು ಅವತ್ತು ಕನ್ನಡಿಯ ಮುಂದೆ ನಗಲು ಪ್ರಯತ್ನಪಟ್ಟು, ಅದನ್ನು ಕವುಚಿಹಾಕಿದೆ.

ಹೀಗೆ ಐದು ತಿಂಗಳು. ಡಾಕ್ಟರು ಒಂದು ಸ್ಪಂಜಿನ ಚೆಂಡು ಕೊಟ್ಟು, ದಿನಕ್ಕೆ ಇನ್ನೂರು ಸಲ ಹಿಸುಕಿ ಎಂದಿದ್ದರು. ನಾನು ಹಿಸುಕಬೇಕೆಂದು ಯೋಚಿಸುತ್ತಿದ್ದೆ, ಚೆಂಡು ಸುಮ್ಮನೆ ಇರುತ್ತಿತ್ತು. ಆಗ ಬಂದವನು ಅಫ್ಸರ್. ಶಿರಾದವನು, ನನ್ನ ಮದುವೆ ವಿಡಿಯೋಗಳನ್ನೆಲ್ಲ ಎಡಿಟ್ ಮಾಡಿಕೊಡುತ್ತಿದ್ದವನು. ಕೆಲಸ ಕಡಿಮೆಯಾಗಿ, ಬೀಗ ಬಿದ್ದ ನನ್ನ ಸ್ಟುಡಿಯೋ ಪಕ್ಕದ ಮಳಿಗೆಯಲ್ಲೇ ಒಂದು ಆಟದಂಗಡಿ ತೆರೆದಿದ್ದ. ಎಲ್ಲೋ ಮುಚ್ಚಿಹೋದ ಶಾಪಿಂಗ್ ಮಾಲಿನಿಂದ ತಂದ ದೊಡ್ಡ ವಿಡಿಯೋ ಗೇಮ್ ಯಂತ್ರಗಳು. ಅದರಲ್ಲೊಂದಕ್ಕೆ ಎರಡು ಬಂದೂಕು, ಒಂದು ಕೆಂಪು, ಒಂದು ನೀಲಿ. "ಭಾಯ್, ಖಾಲಿ ಸ್ಪಂಜು ಹಿಸುಕ್ತಾ ಕೂತ್ರೆ ದಿಲ್ಲೇ ಹಿಸುಕೋಯ್ತದೆ. ಬಂದು ಟ್ರಿಗರ್ ಒತ್ರಿ. ಅದೂ ಬೆರಳಿನ ಕಸರತ್ತೇ ಅಲ್ವಾ? ಆದ್ರೆ ಇಬ್ರು ಬೇಕು. ಒಬ್ರೇ ಆಡಿದ್ರೆ ಎಲ್ಡು ನಿಮಿಷಕ್ಕೆ ಖತಂ. ಬೇಟೀನ ಕರ್ಕಂಬನ್ನಿ," ಎಂದ.

ಕಂಬದ ಹಿಂದಿದ್ದ ಇಂಚರಳಿಗೆ ವಿಷಯ ಹೇಳಿದೆ. ಇಬ್ಬರು ಒಂದೇ ಕಡೆ ನಿಂತು ದೆವ್ವಗಳನ್ನು ಹೊಡೆಯುವ ಆಟ, ಒಬ್ಬರ ಬೆನ್ನಿಗೆ ಇನ್ನೊಬ್ಬರು. ಅವಳು ಬಹಳ ಹೊತ್ತು ಯೋಚಿಸಿ, ಐದು ತಿಂಗಳಲ್ಲಿ ಮೊದಲ ಸಲ ನನ್ನನ್ನು ಒಂದು ಪ್ರಶ್ನೆ ಕೇಳಿದಳು: "ಅದ್ರಲ್ಲಿ ನೀನು ಬೀಳ್ತೀಯಾ?" ಇಲ್ಲ ಎಂದೆ. ಆಟದ ನಿಯಮ ನನಗೂ ಗೊತ್ತಿರಲಿಲ್ಲ. ಗೊತ್ತಿದ್ದರೂ ಹಾಗೇ ಹೇಳುತ್ತಿದ್ದೆನೇನೋ. ಶಾಲೆ ಬಿಟ್ಟ ಮೇಲೆ ಹೊರಟೆವು. ನಾನು ಕೋಲೂರಿಕೊಂಡು ಕಾಲೆಳೆಯುತ್ತಾ, ಅವಳು ಹತ್ತು ಹೆಜ್ಜೆ ಮುಂದೆ, ನಾವಿಬ್ಬರೂ ಬೇರೆ ಬೇರೆ ಮನೆಯವರು ಎನ್ನುವ ಹಾಗೆ. ಹಿಂದಿನಿಂದ ಅತ್ತೆಯ ಮಾತು ಬೀದಿಗೆಲ್ಲ ಕೇಳಿಸಿತು: "ಏನ್ ಕರ್ಮವಪ್ಪ ಇದು, ಅಪ್ಪ ಮಗಳು ಸೇರ್ಕಂಡು ದೆವ್ವ ಹೊಡಿಯಾಕೆ ಹೊಂಟವ್ರೆ!"

ಅಫ್ಸರ್ ಹಾಲಿನ ಕ್ರೇಟೊಂದನ್ನು ಬೋರಲು ಹಾಕಿ ಮಗುವನ್ನು ಅದರ ಮೇಲೆ ನಿಲ್ಲಿಸಿದ. ಕೆಂಪು ಬಂದೂಕು ಅವಳಿಗೆ, ನೀಲಿ ನನಗೆ. ನನ್ನದನ್ನು ನನ್ನ ಎಡಗೈಗೆ ಹಿಡಿಸಿ, ಬಲಗೈಯನ್ನು ಎತ್ತಿ ತಂದು, ಸತ್ತ ಬೆರಳನ್ನು ಟ್ರಿಗರಿಗೆ ಸಿಕ್ಕಿಸಿಟ್ಟ. ಪರದೆಯ ಮೇಲೆ ಸ್ಮಶಾನ. ಗುಂಡಿಗಳಿಂದ ಒಬ್ಬೊಬ್ಬರೇ ಎದ್ದು ಬರತೊಡಗಿದರು. ಒಂದು ಕಾಲು ಎಳೆದುಕೊಂಡು, ಒಂದು ಕೈ ನೇತಾಡಿಸಿಕೊಂಡು, ಬಾಯಿ ಒಂದು ಕಡೆಗೆ ವಾಲಿಸಿಕೊಂಡು, ಏನೋ ಗೊಣಗುತ್ತಾ. ಇವರನ್ನೆಲ್ಲ ಎಲ್ಲೋ ನೋಡಿದ್ದೇನಲ್ಲ ಅನ್ನಿಸಿತು. ಇಂಚರ ಪರದೆಯನ್ನು ನೋಡಿದಳು, ತಿರುಗಿ ನನ್ನನ್ನು ನೋಡಿದಳು, ಮತ್ತೆ ಪರದೆಯನ್ನು ನೋಡಿದಳು. ಅಫ್ಸರ್ ಸುಮ್ಮನೆ ಚಾವಣಿ ನೋಡುತ್ತಾ ನಿಂತ. ಆಮೇಲೆ ಅವಳು ಎರಡೂ ಕೈಯಿಂದ ಕೆಂಪು ಬಂದೂಕು ಎತ್ತಿ, ಕಣ್ಣು ಮುಚ್ಚಿಕೊಂಡು, ಹೊಡೆದಳು.

ನನ್ನ ಬೆರಳು ಒತ್ತಲಿಲ್ಲ. ನನ್ನ ಅಣ್ಣತಮ್ಮಂದಿರು ಬಂದು ನನ್ನ ಮೈಮೇಲೇ ಬಿದ್ದರು. ಪರದೆಯಲ್ಲಿ ನನ್ನ ಪಾಲಿನ ಅರ್ಧ ಕೆಂಪಾಗಿ, ಆಟದಲ್ಲಿ ನಾನಾಗಿದ್ದ ನೀಲಿ ಅಂಗಿಯ ಮನುಷ್ಯ ನೆಲಕ್ಕೆ ಬಿದ್ದ. ಹತ್ತು, ಒಂಬತ್ತು, ಎಂಟು ಎಂದು ದೊಡ್ಡ ಅಂಕಿಗಳು ಇಳಿಯತೊಡಗಿದವು. ಆ ಎಣಿಕೆ ಮುಗಿಯುವುದರೊಳಗೆ, ಮೂಲೆಯಲ್ಲಿ ಮಿನುಗುವ ಔಷಧದ ಪೆಟ್ಟಿಗೆಗೆ ಜೊತೆಯಾಟಗಾರ ಹೊಡೆದರೆ ಬಿದ್ದವನು ಏಳುತ್ತಾನೆ. "ಬೇಟಾ, ಆ ಡಬ್ಬ ಹೊಡಿ! ಅಪ್ಪ ಏಳ್ತಾರೆ! ಹೊಡಿ, ಹೊಡಿ!" ಎಂದು ಅಫ್ಸರ್ ಕೂಗಿದ. ಇಂಚರ ಅಲ್ಲಾಡಲಿಲ್ಲ. ಬಂದೂಕು ಕೈಯಲ್ಲೇ ಇತ್ತು, ಕಣ್ಣು ಬಿದ್ದ ಮನುಷ್ಯನ ಮೇಲಿತ್ತು. ಸೊನ್ನೆ ಬಂತು. ಅವಳ ಕೆನ್ನೆಯ ಮೇಲೆ ಸದ್ದಿಲ್ಲದೆ ನೀರಿಳಿಯುತ್ತಿತ್ತು.

"ಯಾಕೆ ಕಂದ, ಹೊಡೀಲಿಲ್ಲ?" ಎಂದೆ.

"ನೀನೇ ಹೇಳಿದ್ದಲ್ಲ ಅವತ್ತು," ಎಂದಳು. "ನಾನು ಹೇಳೋ ತನಕ ಅಲ್ಲಾಡ್ಬೇಡ ಅಂತ. ನಾನು ಅಲ್ಲಾಡ್ಲೇ ಇಲ್ಲ ಅಪ್ಪ. ನೊಣ ಕೂತ್ರೂ ಅಲ್ಲಾಡ್ಲಿಲ್ಲ. ಅಜ್ಜಿ ಬರೋ ತನಕ ಹಂಗೇ ಇದ್ದೆ. ಅದಕ್ಕೇ ನಿನ್ ಕೈ ಹೋಯ್ತು ಅಂದ್ರು ಪಾವಗಡದ ತಾತ."

ನಾನು ಆ ಹಾಲಿನ ಕ್ರೇಟಿನ ಪಕ್ಕದಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಅರ್ಧ ಗಂಟೆ. ನಾನು ಕ್ಯಾಮೆರಾ ತಬ್ಬಿಕೊಂಡು ಬಿದ್ದಿದ್ದೆ. ನನ್ನ ಎದುರಿಗೆ ಗೋಡೆಗೆ ಬೆನ್ನು ಕೊಟ್ಟು, ತಲೆಗೆ ಹಸಿರು ತೊಟ್ಟು ಇಟ್ಟುಕೊಂಡು, ಒಂದು ಟೊಮೇಟೊ ಉಸಿರು ಬಿಗಿಹಿಡಿದು ನಿಂತಿತ್ತು. ಹೇಳಿದ ಮಾತು ಕೇಳುವ ಮಗು ಎಂದು ನಾನು ಊರಿಗೆಲ್ಲ ಹೊಗಳಿಕೊಂಡಿದ್ದ ಮಗು. ಐದು ತಿಂಗಳು ನನ್ನ ಮುಖದ ಸೊಟ್ಟತನದ ಬಗ್ಗೆ ಮರುಗುತ್ತಾ ಕೂತಿದ್ದೆ. ಅವಳು ಹೆದರಿದ್ದು ನನ್ನ ಮುಖಕ್ಕಲ್ಲವೇ ಅಲ್ಲ. ಎಡಗೈಯಲ್ಲಿ ಅವಳನ್ನು ಹತ್ತಿರ ಎಳೆದುಕೊಂಡು, ಅದು ಫೋಟೋಗೆ ಮಾತ್ರ ಹೇಳಿದ್ದು ಮಗಳೇ, ಕೈ ಹೋದದ್ದು ನಿನ್ನಿಂದಲ್ಲ, ತಾತನಿಗೆ ಏನೂ ಗೊತ್ತಿಲ್ಲ ಎಂದೆಲ್ಲ ಹೇಳಿದೆ. ನನ್ನ ನಾಲಿಗೆಗೆ ಎಷ್ಟು ಬಂತೋ ಅಷ್ಟು. ಅವಳು ಎಲ್ಲ ಕೇಳಿಸಿಕೊಂಡು, ಮೂಗು ಒರೆಸಿಕೊಂಡು, "ಹಂಗಾದ್ರೆ ಅಪ್ಪ ಔಟಾದ್ರೆ ಏನ್ ಮಾಡ್ಬೇಕು?" ಎಂದಳು.

"ಕೂಗ್ಬೇಕು. ಓಡ್ಬೇಕು. ಯಾರಾದ್ರೂ ದೊಡ್ಡವ್ರನ್ನ ಕರೀಬೇಕು. ಯಾರ ಮಾತೂ ಕೇಳ್ಬಾರ್ದು," ಎಂದೆ.

ಅಭ್ಯಾಸ ಶುರುವಾಯಿತು. ದಿನಾ ಶಾಲೆ ಬಿಟ್ಟ ಮೇಲೆ ನಾನು ಅಫ್ಸರನ ಅಂಗಡಿಯಲ್ಲಿ ಸಾಯುವುದು, ಅವಳು ಬದುಕಿಸುವುದು. ಮೊದಲ ವಾರ ನಾನು ಸಹಜವಾಗಿಯೇ ಸಾಯುತ್ತಿದ್ದೆ. ಮಗು ಐದು ಅನ್ನುವುದರೊಳಗೆ ಪೆಟ್ಟಿಗೆ ಒಡೆಯುತ್ತಿದ್ದಳು, ಆಮೇಲೆ ಇನ್ನೂ ಚುರುಕಾಗಿ, ಎಂಟು ಅನ್ನುವುದರೊಳಗೆ. ಜೊತೆಗೆ "ಅಪ್ಪ ಔಟ್! ಅಪ್ಪ ಔಟ್!" ಎಂದು ಎಷ್ಟು ಜೋರಾಗಿ ಕೂಗುತ್ತಿದ್ದಳೆಂದರೆ ಎದುರಿನ ಬೇಕರಿಯವರು ಎರಡು ಸಲ ನೀರು ಹಿಡಿದುಕೊಂಡು ಓಡಿಬಂದಿದ್ದರು. ಒಂದು ಸಂಜೆ ನನ್ನ ಬೆರಳು ತನ್ನಷ್ಟಕ್ಕೆ ತಾನು ಟ್ರಿಗರ್ ಎಳೆಯಿತು. ಅಫ್ಸರ್ ನನ್ನನ್ನು ಅಪ್ಪಿಕೊಂಡ. ಅತ್ತೆ ಸಿದ್ದಪ್ಪನ ಗುಡಿಗೆ ಎರಡು ಕಾಯಿ ಹೇಳಿಕೊಂಡರು. ಇಂಚರಳಿಗೆ ಮಾತ್ರ ಅಷ್ಟು ಸಮಾಧಾನವಾದಂತೆ ಕಾಣಲಿಲ್ಲ. ನಾನು ಸಾಯುವುದು ಕಡಿಮೆಯಾದರೆ ಅವಳ ಕೆಲಸವೇನು? ಅವಳ ಸಲುವಾಗಿ ಒಮ್ಮೊಮ್ಮೆ ಸುಮ್ಮನೆ ಬಂದೂಕು ಇಳಿಸಿ ನಿಲ್ಲುತ್ತಿದ್ದೆ. ಅದೂ ಅವಳಿಗೆ ಗೊತ್ತಾಗುತ್ತಿತ್ತು. "ಬೇಕಂತ ಸಾಯ್ತಿದೀಯ ನೀನು!" ಎಂದು ಬೈಯುತ್ತಿದ್ದಳು. ಬರುವಾಗ ಈಗ ಹತ್ತು ಹೆಜ್ಜೆ ಮುಂದೆ ಹೋಗುತ್ತಿರಲಿಲ್ಲ. ನನ್ನ ಬಲಗೈಯನ್ನು, ಅದು ತನ್ನದೇ ಸಾಮಾನು ಎಂಬಂತೆ, ಹಿಡಿದುಕೊಂಡು ನಡೆಯುತ್ತಿದ್ದಳು.

ಸುಖ ಎಂದರೆ ಶಾಲೆಯಿಂದ ಚೀಟಿ ಬರುವ ತನಕ. ಒಂದನೇ ತರಗತಿಯ ಮಕ್ಕಳೆಲ್ಲ ಊಟದ ಬಿಡುವಿನಲ್ಲಿ ಬಂದೂಕಿನ ಆಟ ಆಡುತ್ತಿದ್ದಾರೆ, ನಿಮ್ಮ ಮಗಳು ಕಲಿಸಿದ್ದು, ಕೂಡಲೇ ಬಂದು ಕಾಣಿ ಎಂದು ಹೆಡ್‌ಮಿಸ್ ಬರೆದಿದ್ದರು. ಗಿರಿಜಾಗೆ ರಜೆ ಇರಲಿಲ್ಲ. ನಾನೇ ಕೋಲೂರಿಕೊಂಡು ಹೋದೆ. ಹೆಡ್‌ಮಿಸ್ ಒಳ್ಳೆಯವರೇ. ನನ್ನನ್ನು ತರಗತಿಯ ಬಾಗಿಲಿಗೇ ಕರೆದುಕೊಂಡು ಹೋಗಿ, "ನೀವೇ ನೋಡಿ ಸಾರ್. ಒಬ್ಬ ಬೀಳ್ತಾನೆ, ಮೂವತ್ತು ಮಕ್ಕಳು ಔಟ್ ಔಟ್ ಅಂತ ಕೂಗ್ಕೊಂಡು ಆಫೀಸಿಗೆ ನುಗ್ತಾವೆ. ಆಯಾಗೆ ಎದೆನೋವು ಬಂದಿದೆ. ಚಿಕ್ಕ ಮಕ್ಕಳಿಗೆ ಕೋವಿ, ಸಾವು, ಇದೆಲ್ಲ ಬೇಕಾ?" ಎಂದರು. ನಾನು ಬಹಳ ಗಂಭೀರವಾದ ಉತ್ತರವೊಂದನ್ನು ತಯಾರು ಮಾಡಿಕೊಂಡಿದ್ದೆ. ಅದನ್ನು ಶುರು ಮಾಡಲು ಹೊಸಲು ದಾಟುವಾಗ ತಲೆ ಸುಮ್ಮನೆ ಒಂದು ಸುತ್ತು ಬಂತು. ಕೋಲು ಜಾರಿತು. ಬಾಗಿಲ ಚೌಕಟ್ಟು ಹಿಡಿದುಕೊಂಡು ಮೆಲ್ಲಗೆ ಕುಸಿದೆ.

ಹತ್ತರ ಎಣಿಕೆ ಬೇಕಾಗಲಿಲ್ಲ. "ಅಪ್ಪ ಔಟ್!" ಎಂಬ ಒಂದು ಕೂಗು, ಅದರ ಹಿಂದೆ ಮೂವತ್ತು ಕೂಗು. ನಾಲ್ವರು ಆಫೀಸಿಗೆ, ಇಬ್ಬರು ಆಯಾಳ ಹತ್ತಿರ, ಒಬ್ಬಳು ಗೇಟಿನಾಚೆಯ ಆರೋಗ್ಯ ಕೇಂದ್ರಕ್ಕೇ. ಏನೂ ಆಗಿಲ್ಲ, ಎಡವಿದೆ ಅಷ್ಟೇ, ಚೆನ್ನಾಗಿದ್ದೇನೆ ಎಂದು ನಾನು ಹೇಳುತ್ತಲೇ ಇದ್ದೆ. ಯಾರ ಮಾತೂ ಕೇಳಬಾರದೆಂದು ಆ ಮಕ್ಕಳಿಗೆ ಯಾರೋ ಬಹಳ ಚೆನ್ನಾಗಿ ಕಲಿಸಿಬಿಟ್ಟಿದ್ದರು. ಒಂದನೇ ತರಗತಿಯ ಪುಟ್ಟ ಕುರ್ಚಿಯಲ್ಲಿ ನನ್ನನ್ನು ಕೂರಿಸಿದರು. ನರ್ಸಮ್ಮ ಬಂದು ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿದರು. ಅಂಕಿ ನೋಡಿ ಅವರ ಮುಖ ಬದಲಾಯಿತು. ಮತ್ತೊಮ್ಮೆ ಗಾಳಿ ತುಂಬಿ ನೋಡಿದರು. ಹೆಡ್‌ಮಿಸ್‌ಗೆ ಗಾಡಿ ಕರೆಸಲು ಹೇಳಿ, ನನ್ನ ಕಡೆ ತಿರುಗಿ, "ಬಿಪಿ ಮಾತ್ರೆ ದಿನಾ ತಗೋತಿದೀರಾ?" ಎಂದರು.

ಹನ್ನೊಂದು ದಿನದಿಂದ ನಾನು ಮಾತ್ರೆ ನುಂಗಿರಲಿಲ್ಲ. ಬೆರಳು ಅಲ್ಲಾಡಿತಲ್ಲ, ಇನ್ನೇನು ವಾಸಿಯಾದ ಹಾಗೇ ಎಂದು ನಾನೇ ಡಾಕ್ಟರಾಗಿ ತೀರ್ಮಾನಿಸಿದ್ದೆ. ಗಿರಿಜಾ ಬೆಳಗ್ಗೆ ಅಂಗೈಯಲ್ಲಿಟ್ಟು ಬಸ್ಸಿಗೆ ಓಡುತ್ತಿದ್ದಳು, ನಾನು ಅದನ್ನು ಕಿಟಕಿಯಿಂದ ದಾಸವಾಳದ ಕುಂಡಕ್ಕೆ ಹಾಕುತ್ತಿದ್ದೆ. ನಿಜ ಹೇಳಬೇಕೆಂದರೆ ನಿಮಗೂ ಇದನ್ನು ಹೇಳುವ ಉದ್ದೇಶವಿರಲಿಲ್ಲ. ಗೋಡೆಯ ಮೇಲಿನ ಅಕ್ಷರಮಾಲೆಯನ್ನು ಓದುವವನಂತೆ ನೋಡುತ್ತಾ, "ತಗೋತಿದೀನಿ" ಎಂದೆ. ನಾಲಿಗೆ ತೊದಲಿದ್ದರಿಂದ ನರ್ಸಮ್ಮನಿಗೆ ಅರ್ಥವಾಗಲಿಲ್ಲ. "ಏನಂದ್ರು?" ಎಂದು ಮಗಳನ್ನು ಕೇಳಿದರು.

"ತಗೋತೀನಿ ಅಂತವ್ರೆ ಆಂಟಿ," ಎಂದಳು ಇಂಚರ, ನನ್ನ ಬಲಗೈಯನ್ನು ಬಿಡದೆ. "ಸುಳ್ಳು. ದಿನಾ ಕುಂಡಕ್ಕೆ ಹಾಕ್ತಾರೆ."

ಮೂವತ್ತು ಮಕ್ಕಳು ನನ್ನನ್ನೇ ನೋಡಿದರು. ಹೆಡ್‌ಮಿಸ್ ಆಮೇಲೆ ಬಂದೂಕಿನ ವಿಷಯವನ್ನೇ ಎತ್ತಲಿಲ್ಲ. ಎತ್ತಿದ್ದರೆ ಎಷ್ಟೋ ಚೆನ್ನಾಗಿತ್ತು.