ಮಂಗಳವಾರ ಎಂದವರೆಲ್ಲ ಗುಂಪಿನಿಂದ ಹೊರಗೆ

ಇನ್ನೊಬ್ಬರನ್ನು ತಿದ್ದಲು ಹೊರಟವರಷ್ಟು ಉಪದ್ರವದ ಜನ ಬೇರಿಲ್ಲ. ಅವರ ಕೈಗೆ ಕಂಪ್ಯೂಟರೂ ಸಿಕ್ಕರೆ ಕೇಳುವುದೇ ಬೇಡ. ಇದು ಅನುಭವದ ಮಾತು. ಹಾಗೆ ಹೊರಟವನು ನಾನೇ.

ಅಂಕೋಲಾದಿಂದ ಕಾರವಾರಕ್ಕೆ ದಿನಾ ಓಡಾಡುವ ನಾವು ಫೋನಿನಲ್ಲಿ ಒಂದು ಚಾಟ್ ಗುಂಪು ಮಾಡಿಕೊಂಡಿದ್ದೇವೆ. ಬಸ್ಸು ಎಲ್ಲಿ ಬಂತು, ಯಾರ ಕೊಡೆ ಸೀಟಿನಲ್ಲಿ ಉಳಿಯಿತು ಎಂದು ತಿಳಿಯಲು ಹುಟ್ಟಿದ ಗುಂಪು. ಆದರೆ ಅಷ್ಟೊಂದು ಸುಶಿಕ್ಷಿತರು ಒಂದೆಡೆ ಸೇರಿದ ಮೇಲೆ ಬಸ್ಸಿನ ಸುದ್ದಿ ಎಷ್ಟು ದಿನ ನಡೆದೀತು? ಕಿಟಕಿ ಪಕ್ಕದ ಸೀಟಿಗೆ ಕರ್ಚೀಫು ಹಾಕಿದ ಜಗಳ ಎರಡೇ ದಿನದಲ್ಲಿ ಪರಸ್ಪರರ ಅಜ್ಜಂದಿರವರೆಗೆ ಹೋಯಿತು. ಇವರ ನಡುವೆ ಮೀನು ಸಾಗಿಸುವ ಟೆಂಪೋ ವಿಠೋಬ. ಹೆದ್ದಾರಿಯಲ್ಲಿ ಎಲ್ಲಿ ಗಾಡಿ ನಿಂತಿವೆ ಎಂದು ತಿಳಿಸುವುದು ಅವನ ಕೆಲಸ. ಅದನ್ನು ಬೈಗುಳವಿಲ್ಲದೆ ತಿಳಿಸುವುದು ಅವನಿಂದಾಗದು. ಬರೆಯುವ ತಾಪತ್ರಯವೂ ಅವನಿಗಿಲ್ಲ. ಬಾಯಲ್ಲಿ ಹೇಳುತ್ತಾನೆ, ಫೋನು ಬರೆದುಕೊಳ್ಳುತ್ತದೆ.

ಗುಂಪಿನ ಅಡ್ಮಿನ್ ಆದ ನಾನು ಒಂದು ಪುಟ್ಟ ಕಂಪ್ಯೂಟರ್ ಸ್ಕ್ರಿಪ್ಟ್ ಬರೆದೆ. ಪಟ್ಟಿಯಲ್ಲಿರುವ ಕೆಟ್ಟ ಪದ ಕಂಡರೆ ಸಂದೇಶವನ್ನು ಅಳಿಸಿ, ಬರೆದವರನ್ನು ಹೊರಗೆ ಹಾಕುವುದು ಅದರ ಕೆಲಸ. ಪದಗಳಿಗಾಗಿ ಯಾರನ್ನೂ ಕೇಳಬೇಕಾಗಲಿಲ್ಲ. ಒಂದು ರಜೆಯ ಮಧ್ಯಾಹ್ನ ಕೂತವನು ಚಹಾ ತಣ್ಣಗಾಗುವುದರೊಳಗೆ ಎರಡು ಪುಟ ತುಂಬಿಸಿದ್ದೆ. ಹೆಂಡತಿ ಹಿಂದಿನಿಂದ ಇಣುಕಿ, "ಕಚೇರಿ ಕೆಲಸನಾ?" ಎಂದಳು. "ಸಮಾಜಸೇವೆ" ಎಂದೆ.

ವಾರ ಕಳೆಯಿತು. ವಿಠೋಬ ಬೈಯುತ್ತಲೇ ಇದ್ದ. ಸೋಮವಾರ ಬೆಳಿಗ್ಗೆ ಬಸ್ಸಿನಲ್ಲಿದ್ದಾಗ ಲಲಿತಾ ಅಕ್ಕೋರ ಫೋನು ಬಂತು. ನನಗೆ ಕನ್ನಡ ಕಲಿಸಿದವರು; ನಿವೃತ್ತರಾದರೂ ಗುಂಪು ಬಿಟ್ಟಿರಲಿಲ್ಲ.

"ತಮಾ, ನಾ ಗುಂಪಲ್ಲಿ ಎಂತಾದ್ರೂ ತಪ್ಪು ಬರದ್ನಾ?" ಎಂದರು. "ನಮ್ಮನೆಯವ್ರಿಗೆ ನಾಳೆ ಆಪರೇಶನ್. ಓ ನೆಗೆಟಿವ್ ರಕ್ತ ಬೇಕು ಅಂತ ನಿನ್ನೆ ಹಾಕಿದ್ದೆ. ಯಾರೂ ಮಾತಾಡ್ಲಿಲ್ಲ. ಈಗ ನೋಡಿದ್ರೆ ನನ್ನೇ ತೆಗ್ದು ಹಾಕಿದ್ರಿ."

ಹೊರಗೆ ಹಾಕಿದವರ ಯಾದಿ ತೆರೆದು ನೋಡಿದೆ. ಅಕ್ಕೋರು 'ಮಂಗಳವಾರ ಆಪರೇಶನ್' ಎಂದು ಬರೆದಿದ್ದರು. ನನ್ನ ಪಟ್ಟಿಯಲ್ಲಿ 'ಮಂಗ' ಇತ್ತು. ಪದದ ಹೊಟ್ಟೆಯೊಳಗಿನ ಪದವನ್ನೂ ಹಿಡಿಯಬೇಕೆಂದು ಸ್ಕ್ರಿಪ್ಟಿಗೆ ಹೇಳಿದ್ದವನೂ ನಾನೇ. 'ಶನಿವಾರ ಬಸ್ಸಿಲ್ಲ' ಎಂದ ಒಬ್ಬ ಸಾಧುಪ್ರಾಣಿಯೂ ಹೊರಗೆ ಬಿದ್ದಿದ್ದ. ಬೈದವರು ಒಬ್ಬರೂ ಇರಲಿಲ್ಲ.

ಸ್ಕ್ರಿಪ್ಟ್ ನಿಲ್ಲಿಸುವ ವ್ಯವಧಾನವೂ ಇಲ್ಲದೆ, ಅಕ್ಕೋರ ಯಜಮಾನರಿಗೆ ನಾಳೆಗೆ ಓ ನೆಗೆಟಿವ್ ರಕ್ತ ಬೇಕೆಂದು ನಾನೇ ಗುಂಪಿನಲ್ಲಿ ಹಾಕಿದೆ. ಸಭ್ಯರೆಲ್ಲ ತಕ್ಷಣ ಎಚ್ಚೆತ್ತರು: ಕೈಮುಗಿದ ಚಿತ್ರಗಳು, ಹೂವು, ದೀಪ, 'ದೇವರು ಒಳ್ಳೆಯದು ಮಾಡಲಿ.' ಅಷ್ಟು ಹೂವಿನಲ್ಲಿ ಒಂದು ಹನಿ ರಕ್ತವಿರಲಿಲ್ಲ. ಅರ್ಧ ಗಂಟೆಯ ಮೇಲೆ ವಿಠೋಬ ಬಂದ.

"ಈ ದರಿದ್ರ ಗುಂಪಲ್ಲಿ ಒಬ್ಬ ಅಯೋಗ್ಯನೂ ಏಳ್ಲಿಲ್ವನಾ? ನಂದು ಅದೇ ರಕ್ತ. ಮೀನು ಇಳಿಸಿ ಆಸ್ಪತ್ರೆಗೆ ಬತ್ತೆ, ಅಕ್ಕೋರಿಗೆ ಹೇಳಿ."

ಹೇಳಿದಂತೆ ಬಂದ, ಕೊಟ್ಟ, ನರ್ಸಿನ ಸೂಜಿಗೂ ಒಂದೆರಡು ಬೈದು ಹೋದ. ಆಪರೇಶನ್ ಸುಸೂತ್ರವಾಯಿತು.

ಮುಂದಿನ ವಾರ ಕ್ಷಮೆ ಕೇಳಲು ಅಕ್ಕೋರ ಮನೆಗೆ ಹೋದೆ. ಅವರು ಸಿಟ್ಟಾಗಲಿಲ್ಲ. ಬದಲಿಗೆ, "ವಿಠೋಬ ಅಷ್ಟೆಲ್ಲ ಬೈದ್ರೂ ನಿನ್ನ ಯಂತ್ರ ಸುಮ್ನೆ ಇತ್ತಲ, ಅದ್ಯಾಕೆ?" ಎಂದರು.

"ಅದೇ ತಿಳೀತಿಲ್ಲ ಅಕ್ಕೋರೆ."

"ಪಟ್ಟಿ ಕೊಡು, ನೋಡ್ವ."

ಶಿಕ್ಷಕಿಯ ಮುಂದೆ ಅಂಥ ಎರಡು ಪುಟ ಇಡುವಾಗ ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಅವರು ಕನ್ನಡಕ ಹಾಕಿ, ಕೆಂಪು ಪೆನ್ನು ತೆಗೆದು, ಮುಖದ ಒಂದು ಗೆರೆಯೂ ಅಲುಗದಂತೆ ಓದತೊಡಗಿದರು. 'ಧರಿದ್ರ' ಎಂಬಲ್ಲಿ ದಕಾರದ ಹೊಟ್ಟೆ ಸೀಳಿದ್ದಕ್ಕೆ ಕೆಂಪು ಕಾಟು ಬಿತ್ತು. 'ಆಯೋಗ್ಯ'ದ ದೀರ್ಘ ಹಾರಿತು. ಫೋನು ವಿಠೋಬನ ಬೈಗುಳಗಳನ್ನು ಶುದ್ಧವಾಗಿ ಬರೆಯುತ್ತಿತ್ತು. ನಾನು ಅಶುದ್ಧವಾದವನ್ನು ಹುಡುಕಲು ಸ್ಕ್ರಿಪ್ಟನ್ನು ಹಚ್ಚಿದ್ದೆ. ಎರಡಕ್ಷರದ ಮಂಗ, ಶನಿ ಮಾತ್ರ ಸರಿಯಾಗಿದ್ದವು.

ತಿದ್ದಿ ಮುಗಿಸಿ ಹಾಳೆ ಮರಳಿಸಿದರು. ಕೆಳಗೆ ಬರೆದಿತ್ತು: 'ಶಬ್ದಸಂಪತ್ತು ಉತ್ತಮ. ಕಾಗುಣಿತ ಸುಧಾರಿಸಬೇಕು. ಪಾಲಕರ ಸಹಿ ತರುವುದು.'

ಪಾಲಕರು ಈಗಿಲ್ಲ. ಹೆಂಡತಿ ಸಹಿ ಹಾಕಿದಳು, ಹಾಳೆಯ ಎರಡೂ ಪುಟ ಪೂರ್ತಿ ಓದಿದ ಮೇಲೆ.