ಗೋವಿನಜೋಳದ ಹೊಲದಲ್ಲಿ ಕ್ಯಾಪ್ಟನ್

ತಾಪತ್ರಯವೆಲ್ಲ ಶುರುವಾದದ್ದು ಭೀಮಸಿಂಗನ ಗಂಟಲು ಕಟ್ಟಿದ್ದರಿಂದ. ಬೇರೆ ಗಂಡಸರ ಗಂಟಲು ಕಟ್ಟಿದರೆ ಮನೆಯವರಿಗೆ ಒಂದಿಷ್ಟು ನೆಮ್ಮದಿಯಾದರೂ ಸಿಗುತ್ತದೆ. ಆದರೆ ಪಾಳಾ ಎಂಬ ಊರಿನ ಅಂಚಿಗೆ, ಕಾಡಿಗೆ ಹತ್ತಿಕೊಂಡೇ ಹೊಲವಿದ್ದ ಭೀಮಸಿಂಗನಿಗೆ ಗಂಟಲೇ ಬೇಲಿ. ಗೋವಿನಜೋಳದ ತೆನೆ ಹಾಲುಗಟ್ಟಿದಂದಿನಿಂದ ಅಟ್ಟದ ಮೇಲೆ ಕೂತು ಹೋ ಹೋ ಎಂದು ಮಂಗಗಳನ್ನು ಅಟ್ಟುತ್ತ ಬಂದವನು, ಆ ಭಾನುವಾರ ಎದ್ದು ಬಾಯಿ ತೆರೆದರೆ ಹಳೇ ಬಾಗಿಲು ಕಿರುಗುಟ್ಟಿದ ಹಾಗೆ ಒಂದು ಸದ್ದು ಬಂತು, ಅಷ್ಟೇ.

ಹೆಂಡತಿ ದೇವಿಬಾಯಿ ಅವತ್ತೇ ಹಳಿಯಾಳಕ್ಕೆ ಹೊರಟಿದ್ದಳು. ತಂಗಿ ತುಳಜಾಳ ಕೂಸಿಗೆ ಹೆಸರಿಡುವ ಕಾರ್ಯ.

"ಹ್ವಾದ ವರ್ಷ ನಮ್ಮ ಹೆಂಚು ಅಷ್ಟೂ ಮಂಗ್ಯಾ ತಿಂದು ಹೋದ್ವು" ಎಂದಳು ತಲೆಗೆ ಸೆರಗು ಎಳೆದುಕೊಳ್ಳುತ್ತ. ಹೆಂಚು ಎಂದರೆ ತೆನೆಯೇ. ಜೋಳ ಮಾರಿ ಮನೆಗೆ ಹೆಂಚು ಹೊದಿಸುವುದೆಂದು ಗಂಡ ಹೆಂಡತಿ ಮಾತಾಡಿಕೊಂಡು, ಸೋರುವ ಹುಲ್ಲಿನ ಮಾಡಿನ ಕೆಳಗೆ ಇನ್ನೊಂದು ಮಳೆಗಾಲ ಕಳೆಯುತ್ತಿದ್ದರು. "ಈ ವರ್ಷನೂ ಹಂಗಾದ್ರ ನಾ ತುಳಜಾನ ಮನ್ಯಾಗ ಇದ್ದು ಬಿಡ್ತೇನಿ ನೋಡ್ರಿ. ಅಲ್ಲಿ ಸೋರೂದಿಲ್ಲ."

ಭೀಮಸಿಂಗ ಕಿರುಗುಟ್ಟಿದ. ಅದನ್ನು ಒಪ್ಪಿಗೆ ಎಂದು ತಿಳಿದು ಆಕೆ ಬಸ್ಸು ಹತ್ತಿದಳು.

ಅವನು ನೇರ ಹೋದದ್ದು ಪಕ್ಕದೂರಿನ ಸೈಮನ್ನನ ಮನೆಗೆ. ಮದುವೆ ಮುಂಜಿಗಳಿಗೆ ಮೈಕ್‌ಸೆಟ್ ಬಾಡಿಗೆ ಕೊಡುವ ಸೈಮನ್, ಗೆಳೆಯನ ಕೈಸನ್ನೆ ಬಾಯಿಸನ್ನೆಯನ್ನೆಲ್ಲ ತಾಳ್ಮೆಯಿಂದ ನೋಡಿ ನಕ್ಕ.

"ದನಿ ಹೋತೇನು? ಹೋಗ್ಲಿ ಬಿಡು, ನನ್ನ ಕಡೆ ಐತಿ ದನಿ." ಒಂದು ಹಾರ್ನು, ಟೇಪ್ ರೆಕಾರ್ಡರು, ಬ್ಯಾಟರಿ ತಂದಿಟ್ಟು, ಮೇಲೊಂದು ಕ್ಯಾಸೆಟ್ಟು ಇಟ್ಟ. "ಇದನ್ನ ಹಚ್ಚು. ಲಗ್ನದಾಗ ಯಾರೂ ಕೇಳೂದಿಲ್ಲ ಇದನ್ನ. ಏನೇನೋ ಚೀರ್ತಾವು. ನಮ್ಮ ನಾಯಿ ಕೇಳಿದ್ದ ತಡ ಹಿತ್ತಲಾಗ ಓಡಿ ಹೋತು."

ನಾಯಿ ಓಡಿದ್ದರೆ ಮಂಗ ಓಡದೇ ಇದ್ದೀತೇ? ಭೀಮಸಿಂಗ ಹಾರ್ನನ್ನು ಅಟ್ಟಕ್ಕೆ ಬಿಗಿದು ಗುಂಡಿ ಒತ್ತಿದ. ಕಬ್ಬಿಣದ ತಗಡನ್ನು ಕಲ್ಲಿನ ಮೇಲೆ ಎಳೆದಂಥ ಚೀರಾಟ ಹೊಲದ ತುಂಬ ಹರಡಿತು. ಬೇಲಿಯ ಮೇಲೆ ಸಾಲಾಗಿ ಕೂತಿದ್ದ ಮಂಗಗಳು ಮರಿಗಳನ್ನು ಹೊಟ್ಟೆಗೆ ಅವುಚಿಕೊಂಡು ಕಾಡಿನೊಳಗೆ ಬಿದ್ದವು. ಅವನಿಗೆ ಆದ ಸಂತೋಷ ಹೇಳತೀರದು. ತಲೆಗೆ ಟವೆಲ್ ಸುತ್ತಿ ಅಟ್ಟದ ಮೇಲೆ ಅಡ್ಡಾದ.

ಚೀರಾಟ ನಿಂತು ಗಂಡು ದನಿಯೊಂದು ಗಂಭೀರವಾಗಿ ಹೇಳಿತು: "ಶನಿಯ ಆಚೆ. ಟಿವಿಯಲ್ಲಿ ನಿಂತ ಕತೆ ಇಲ್ಲಿ ಮುಂದುವರಿಯುತ್ತದೆ. ಕ್ಯಾಪ್ಟನ್ ಭಾರ್ಗವ ಇನ್ನೂ ನೌಕೆಯ ಬಾಗಿಲಿಗೆ ಜೋತು ಬಿದ್ದಿದ್ದಾನೆ."

ಆ ಮಾತಿನ ಅರ್ಥ ಪಾಳಾದಲ್ಲಿ ತಿಳಿಯದಿದ್ದವನು ಭೀಮಸಿಂಗ ಒಬ್ಬನೇ. ಭಾನುವಾರ ಭಾನುವಾರ ಕಿರಾಣಿ ಅಂಗಡಿಯ ಮಹಾಂತಪ್ಪನ ಟಿವಿ ಮುಂದೆ ಓಣಿಗೆ ಓಣಿಯೇ ಕೂತು "ಶನಿಯ ಆಚೆ" ಧಾರಾವಾಹಿ ನೋಡುತ್ತಿದ್ದಾಗ, ಅವನು ಹೊಲದಲ್ಲಿದ್ದ. ಲೋಹದ ಮಂದಿ ಅಟ್ಟಿಸಿಕೊಂಡು ಬಂದು, ಕ್ಯಾಪ್ಟನ್ ಒಂದೇ ಕೈಯಲ್ಲಿ ಬಾಗಿಲು ಹಿಡಿದು ಆಕಾಶದಲ್ಲಿ ನೇತಾಡುತ್ತಿರುವಾಗ, ಜಾಹೀರಾತು ಸಿಗಲಿಲ್ಲವೆಂದು ಟಿವಿಯವರು ಧಾರಾವಾಹಿಯನ್ನೇ ನಿಲ್ಲಿಸಿಬಿಟ್ಟರು. ಯುಗಾದಿಯಿಂದ ಪಂಚಮಿಯವರೆಗೂ ಕ್ಯಾಪ್ಟನ್ ಹಾಗೇ ನೇತಾಡುತ್ತಿದ್ದ. ಊರಿಗೆ ಅನ್ನ ಸೇರುತ್ತಿರಲಿಲ್ಲ. ಉಳಿದ ಕತೆಯನ್ನು ಬರೀ ದನಿಯ ನಾಟಕ ಮಾಡಿ ಕ್ಯಾಸೆಟ್ಟಿನಲ್ಲಿ ತಂದಿದ್ದಾರೆಂಬುದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಈಗ ಹಾರ್ನು ಅದನ್ನು ಊರಿಗೆಲ್ಲ ಸಾರಿತು.

ಮೊದಲು ಬಂದವನು ಮಹಾಂತಪ್ಪ. ಅಂಗಡಿಯ ಬಾಗಿಲು ಹಾಕುವುದನ್ನೂ ಮರೆತು ಬಂದಿದ್ದ. "ಭೀಮಸಿಂಗಣ್ಣ, ಮೊದಲಿಂದ ಹಚ್ಚೋ" ಎಂದು ಒಡ್ಡಿನ ಮೇಲೆ ಕೂತ. ಅವನ ಹಿಂದೆ ಮುದುಕಿ ಹೊಳೆವ್ವ, ಆಕೆಯ ಹಿಂದೆ ಇಡೀ ಓಣಿ. ಒಡ್ಡು ಸಾಲದೆ ಜನ ಜೋಳದ ಸಾಲುಗಳ ನಡುವೆ ಕೂತರು. ಬಿಸಿಲೇರಿದಾಗ ದಂಟು ಬಗ್ಗಿಸಿ ಗಂಟು ಹಾಕಿ ನೆರಳು ಮಾಡಿಕೊಂಡರು. ದಾರಿಯಲ್ಲಿ ಹೊರಟಿದ್ದವರು ಚಕ್ಕಡಿಯ ಎತ್ತು ಬಿಚ್ಚಿದರು. ಎತ್ತುಗಳಿಗೆ ನಾಟಕದಲ್ಲಿ ಆಸಕ್ತಿ ಇರಲಿಲ್ಲ, ಜೋಳದಲ್ಲಿತ್ತು.

ಹೊಳೆವ್ವ ನಾಲ್ಕು ಕಡ್ಡಿ ಕೂಡಿಸಿ ಬೆಂಕಿ ಮಾಡಿ ತೆನೆ ಸುಡತೊಡಗಿದಳು. ಭೀಮಸಿಂಗ ಓಡಿ ಬಂದು ಆಕೆಯ ಕೈ ಹಿಡಿದು ಕಿರುಗುಟ್ಟಿದ.

"ಹೌದಪಾ, ನಿನಗೂ ಒಂದು ಸುಡ್ತೇನಿ ತಡಿ" ಎಂದಳು ಮುದುಕಿ. "ಬರೇ ಬಾಯಾಗ ಕುಂತು ಹೆಂಗ ಕೇಳೂದು? ಎದಿ ಡವಡವ ಅಂತೈತಿ."

ಹೋದ ವರ್ಷ ಮಂಗಗಳು ಹೀಗೆ ಗುಂಪು ಕಟ್ಟಿ ಉಪ್ಪು ಖಾರ ಹಚ್ಚಿಕೊಂಡು ತಿಂದಿರಲಿಲ್ಲ. ಭೀಮಸಿಂಗನಿಗೆ ಅಳು ಬಂತು. ಕ್ಯಾಸೆಟ್ಟು ಮುಗಿದರೆ ಎದ್ದಾರು ಎಂದು ಕಾದ. ಮುಗಿಯಿತು. ಕ್ಯಾಪ್ಟನ್ ಈಗ ಇನ್ನೊಂದು ಕೈಯಲ್ಲಿ ನೇತಾಡುತ್ತಿದ್ದ, ಉಳಿದದ್ದು ಎರಡನೇ ಕ್ಯಾಸೆಟ್ಟಿನಲ್ಲಿ. ಯಾರೂ ಏಳಲಿಲ್ಲ.

"ಇನ್ನೊಮ್ಮೆ ಹಚ್ಚು" ಎಂದ ಮಹಾಂತಪ್ಪ. "ತಡಮಾಡಿ ಬಂದವ್ರು ಅದಾರ."

ಆಗ ಭೀಮಸಿಂಗನಿಗೆ ಒಂದು ಉಪಾಯ ಹೊಳೆಯಿತು. ಉಪಾಯ ಎನ್ನುವುದಕ್ಕಿಂತ ಕೊಲೆ ಎನ್ನಬೇಕು. ಮಹಾಂತಪ್ಪನ ಕಿವಿಗೆ ಬಾಯಿ ಹಚ್ಚಿ, ಇದ್ದಬದ್ದ ದನಿಯನ್ನೆಲ್ಲ ಕೂಡಿಸಿ ಪಿಸುಗುಟ್ಟಿದ: "ಕೇಳಿ ಏನ್ ಮಾಡ್ತಿ? ಎರಡನೇದ್ರಾಗ ಕ್ಯಾಪ್ಟನ್ ಸಾಯ್ತಾನಂತ. ಸೈಮನ್ ಹೇಳ್ಯಾನ."

ಮಹಾಂತಪ್ಪನ ಮುಖ ಬಿಳಿಚಿತು. ಸುದ್ದಿ ಸಾಲಿನಿಂದ ಸಾಲಿಗೆ ದಾಟಿತು. ಹೊಳೆವ್ವನ ಕೈಯ ತೆನೆ ಬೆಂಕಿಗೆ ಬಿತ್ತು. "ಲಗ್ನ ಆಗದ ಹುಡುಗ" ಎಂದು ಕಣ್ಣೊರೆಸಿಕೊಂಡಳು. ಜನ ಒಬ್ಬೊಬ್ಬರೇ ಎದ್ದು, ಮಣ್ಣಿಗೆ ಹೋಗಿ ಬಂದವರ ಹಾಗೆ ತಲೆ ತಗ್ಗಿಸಿ ನಡೆದರು. ಸಾವಿನ ಸುದ್ದಿ ಕೇಳಿ ಹಾಗೇ ಒಳಗೆ ಹೋಗಬಾರದೆಂದು ಹೊಳೆವ್ವ ಅಂಗಳದಲ್ಲೇ ತಲೆ ಮೇಲೆ ನೀರು ಹೊಯ್ದುಕೊಂಡಳು. ಆಕೆಯನ್ನು ನೋಡಿ ಉಳಿದವರೂ ಹೊಯ್ದುಕೊಂಡರು.

ಭೀಮಸಿಂಗ ಹೊಲವನ್ನೊಮ್ಮೆ ಸುತ್ತಿ ಬಂದ. ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ಅಡುಗೆಮನೆಯ ಮೇಲಿನ ಹೆಂಚು ಹೋದರೂ ಪಡಸಾಲೆಯದು ಉಳಿಯಿತು ಎಂದು ಎದೆ ಹಗುರವಾಯಿತು. ಕ್ಯಾಪ್ಟನ್ ಬಗ್ಗೆ ಚೂರು ಪಾಪ ಅನ್ನಿಸಿತು, ನಿಜ.

ಸಂಜೆಯ ಬಸ್ಸಿಗೆ ದೇವಿಬಾಯಿ ಇಳಿದಳು. ಓಣಿಯಲ್ಲಿ ಎಲ್ಲರ ತಲೆಯೂ ಒದ್ದೆ.

"ಯಾರು ಹೋದ್ರು, ಯವ್ವಾ?" ಎಂದು ಗಾಬರಿಯಿಂದ ಕೇಳಿದಳು.

"ಕ್ಯಾಪ್ಟನ್ ಹೋದ. ನಿನ್ನ ಗಂಡನೇ ಹೇಳಿದ" ಎಂದಳು ಹೊಳೆವ್ವ.

ದೇವಿಬಾಯಿ ಚೀಲದಿಂದ ಒಂದು ಕ್ಯಾಸೆಟ್ಟು ತೆಗೆದು ಎತ್ತಿ ಹಿಡಿದಳು. "ಏನ್ ಸುಳ್ಳು ಹೇಳ್ಯಾರ ನೋಡ. ಇದು ಎರಡನೇದು. ತುಳಜಾನ ಮನ್ಯಾಗ ಇದನ್ನ ಹಚ್ಚಿದ್ರು, ಪೂರ್ತಿ ಕೇಳಿ ಇಸ್ಕೊಂಡು ಬಂದೇನಿ. ಕ್ಯಾಪ್ಟನ್ ಗುಂಡುಕಲ್ಲಿನಂಗ ಅದಾನ. ಮೊದಲನೇದು ಎಲ್ಲೈತಿ ಹೇಳ್ರಿ, ನಾ ಅದನ್ನ ಕೇಳಿಲ್ಲ."

ಮೊದಲನೆಯದು ಎಲ್ಲಿದೆ ಎಂದು ಊರೇ ತೋರಿಸಿತು. ಸುಮ್ಮಸುಮ್ಮನೆ ತಣ್ಣೀರು ಹೊಯ್ದುಕೊಂಡ ಜನ ಬಿರುಸಿನಿಂದ ಹೊಲಕ್ಕೆ ನುಗ್ಗಿದರು. ಸುಳ್ಳು ಹೇಳಿ ಅಳಿಸಿದ ತಪ್ಪಿಗೆ ದಂಡವೆಂದು ಎರಡೂ ಕ್ಯಾಸೆಟ್ಟು ಮೊದಲಿಂದ ಕೊನೆಯವರೆಗೆ ಹಚ್ಚಬೇಕೆಂದು ಮಹಾಂತಪ್ಪ ತೀರ್ಪು ಕೊಟ್ಟ. ದೇವಿಬಾಯಿ ಮುರಿದ ದಂಟುಗಳನ್ನು ನೋಡಿದಳು, ಗಂಡನನ್ನು ನೋಡಿದಳು. ಬಾಯಿ ತೆರೆಯುವಷ್ಟರಲ್ಲಿ ಲೋಹದ ಮಂದಿ ಚೀರಿದರು. ಆಕೆ ಅಲ್ಲೇ ಕೂತುಬಿಟ್ಟಳು.

ಬೇಲಿಯ ಕಡೆ ಎಲೆ ಅಲುಗಿತು. ದಿನವಿಡೀ ಕಾಡಿನ ಅಂಚಿನಲ್ಲಿ ಕೂತು ಅದೇ ಚೀರಾಟ ಕೇಳಿದ ಮಂಗಗಳಿಗೆ, ಲೋಹದ ಮಂದಿ ಬಾಯಿಯಲ್ಲಷ್ಟೇ ಗಟ್ಟಿ ಎಂದು ತಿಳಿದುಹೋಗಿತ್ತು. ಒಂದೊಂದಾಗಿ ಇಳಿದು ಜನರ ಹಿಂದಿನ ಸಾಲಿನಲ್ಲೇ ಕೂತು ತೆನೆ ಸುಲಿದವು.

ಭೀಮಸಿಂಗ ಬಡಿಗೆ ಹಿಡಿದು ದಂಟು ಸರಬರ ಮಾಡುತ್ತ ಓಡಿದ. ನಾಲ್ಕೂ ದಿಕ್ಕಿನಿಂದ ಜನ ಶ್ ಶ್ ಎಂದರು. ಮಹಾಂತಪ್ಪ ಬಡಿಗೆ ಕಸಿದುಕೊಂಡ. ದೇವಿಬಾಯಿ ಅವನ ಅಂಗಿ ಹಿಡಿದೆಳೆದು ಪಕ್ಕದಲ್ಲಿ ಕೂಡಿಸಿದಳು.

"ಸುಮ್ನ ಕುಂದರ್ರಿ" ಎಂದಳು ಕಣ್ಣನ್ನು ಹಾರ್ನಿನಿಂದ ಕೀಳದೆ. "ಮಂಗ್ಯಾ ಸೈತ ಗದ್ಲ ಮಾಡದ ಕೇಳಾಕತ್ತಾವು."