ಊರಿಗೆಲ್ಲ ವಸಂತ

ಶುಕ್ರವಾರ ಬಿಟ್ಟು ಬೇರೆ ಯಾವ ದಿನವಾಗಿದ್ದರೂ ಪುಟ್ಟರಂಗಯ್ಯ ಬಚಾವಾಗುತ್ತಿದ್ದ. ಆದರೆ ದಿನ ಗೊತ್ತುಮಾಡಿದವನೂ ಅವನೇ. ಶುಕ್ರವಾರ ಅಂಗಡಿಗೆ ಹೆಂಗಸರು ಜಾಸ್ತಿ ಬರುತ್ತಾರೆ ಎಂಬ ಆಸೆ.

ತುಮಕೂರಿನ ಸಾಹುಕಾರ್ ಲಕ್ಷ್ಮೀನರಸಿಂಹಯ್ಯನವರ ಸೀರೆ ಅಂಗಡಿಯಲ್ಲಿ ಅವನು ಸೇಲ್ಸ್‌ಮನ್. ಎಂಬತ್ತಾರನೇ ಇಸವಿಯಲ್ಲಿ ಬೆಂಗಳೂರಿಗೆ ಹೊಸ ವಿದ್ಯೆಯೊಂದು ಬಂದಿತ್ತು. ಮೈಬಣ್ಣ ನೋಡಿ ನೀವು ವಸಂತವೋ, ಬೇಸಿಗೆಯೋ, ಶರತ್ಕಾಲವೋ, ಚಳಿಗಾಲವೋ ಎಂದು ಹೇಳಿ, ಆ ಕಾಲಕ್ಕೆ ಒಪ್ಪುವ ಬಣ್ಣದ ಬಟ್ಟೆ ಉಡಿಸುವ ವಿದ್ಯೆ. ಅದನ್ನು ಕಲಿಯಲು ಸಾಹುಕಾರರು ಇವನನ್ನು ಕಳಿಸಿದ್ದರು. ಕಲಿತದ್ದನ್ನು ಒಂದು ದಿನ ಅಂಗಡಿಯಲ್ಲಿ ಮಾಡಿ ತೋರಿಸಬೇಕು, ಗೆದ್ದರೆ ಫ್ಯಾನಿನ ಕೆಳಗೆ ಹೊಸ ಕುರ್ಚಿ ಹಾಕಿ ಕಲರ್ ಎಕ್ಸ್‌ಪರ್ಟ್ ಎಂದು ಕೂರಿಸುವುದು, ಸೋತರೆ ಗುಬ್ಬಿ ಬ್ರಾಂಚಿನಲ್ಲಿ ಟವೆಲ್ ಮಡಿಸಲು ಅಟ್ಟುವುದು ಎಂದು ಮಾತಾಗಿತ್ತು. ವರ್ಷಗಟ್ಟಲೆ ನಿಂತೇ ಸೀರೆ ಬಿಚ್ಚಿ ತೋರಿಸಿದ ಪುಟ್ಟರಂಗಯ್ಯನಿಗೆ ಕನಸಿನಲ್ಲೂ ಆ ಕುರ್ಚಿಯೇ ಬರುತ್ತಿತ್ತು.

ಬೆಂಗಳೂರಿನ ಮೇಡಂ ಎರಡು ಪದ್ಧತಿ ಹೇಳಿಕೊಟ್ಟಿದ್ದರು. ಮಣಿಕಟ್ಟಿನ ನರ ನೀಲಿಯೋ ಹಸಿರೋ ನೋಡುವುದು ಒಂದು. ಗಲ್ಲದ ಕೆಳಗೆ ಬಟ್ಟೆ ಹಿಡಿದು ಯಾವುದಕ್ಕೆ ಮುಖ ಕಳೆಗಟ್ಟುತ್ತದೆ ನೋಡುವುದು ಇನ್ನೊಂದು. "ಊರಿಗೆ ಹೋಗಿ ಒಂದನ್ನ ಆರಿಸ್ಕೊಳ್ಳಿ, ಅದನ್ನೇ ಅಭ್ಯಾಸ ಮಾಡಿ" ಎಂದಿದ್ದರು.

ಪುಟ್ಟರಂಗಯ್ಯ ಮೊದಲು ನರ ಹಿಡಿದ. ಸಿಕ್ಕವರು ಮರಳೂರಿನ ದೊಡ್ಡಗಂಗಮ್ಮ.

"ಅಮ್ಮ, ಬಳೆ ಒಸಿ ಮೇಲಕ್ಕೆ ಸರಿಸಿ. ನರ ನೋಡ್ಬೇಕು."

"ನೋಡಪ್ಪ. ರಾತ್ರಿಯೆಲ್ಲ ಮಂಡಿ ಸೆಳೀತದೆ. ವಾಯು ಇರ್ಬೇಕು."

"ಮಂಡಿ ಅಲ್ಲಮ್ಮ, ನೀವು ಬೇಸಿಗೆಯೋ ಚಳಿಗಾಲವೋ ಅಂತ..."

"ಚಳಿಗಾಲದಲ್ಲೇ ಕಣಪ್ಪ ಜಾಸ್ತಿ! ಎಷ್ಟ್ ಸರಿಯಾಗ್ ಹೇಳ್ದೆ!"

ಪಕ್ಕದ ಕೌಂಟರಿನ ಅಂಜಿನಪ್ಪನಿಗೆ ಇಷ್ಟು ಸಾಕಾಯಿತು. ಹೊಟ್ಟೆಕಿಚ್ಚಿಗೆ ಬಾಗಿಲಲ್ಲಿ ನಿಂತು, "ಬರ್ರಮ್ಮೋ, ನಮ್ ಪುಟ್ಟರಂಗ ನಾಡಿ ನೋಡೋದ್ ಕಲ್ತು ಬಂದವ್ನೆ" ಎಂದು ಕೂಗಿದ. ಗಳಿಗೆಯಲ್ಲಿ ಅಂಗಡಿಯ ತುಂಬ ಕೈ ಚಾಚಿದ ಹೆಂಗಸರು. ಒಬ್ಬರಿಗೆ ಎದೆಯುರಿ, ಒಬ್ಬರಿಗೆ ತಲೆಸುತ್ತು. ಸೀರೆ ಬೇಕೆಂದವರು ಒಬ್ಬರೂ ಇಲ್ಲ.

"ಏನ್ಲಾ ಇದು, ಆಸ್ಪತ್ರೆ ಮಾಡ್ಬುಟ್ಟೆ?" ಎಂದು ಸಾಹುಕಾರರು ಗುಡುಗಿದರು.

ನರದ ಪದ್ಧತಿ ಅಲ್ಲಿಗೆ ಮುಗಿಯಿತು. ಪುಟ್ಟರಂಗಯ್ಯ ಸ್ಟೂಲನ್ನು ಬಾಗಿಲ ಬೆಳಕಿಗೆ ಎಳೆದು, ದೊಡ್ಡಗಂಗಮ್ಮನವರನ್ನೇ ಕೂರಿಸಿ, ಗಲ್ಲದ ಕೆಳಗೆ ಬೂದು ಬಟ್ಟೆ ಹಿಡಿದ. ಮುಖ ಸಪ್ಪೆಯಾಯಿತು. ಹಳದಿ ಹಿಡಿದ. ಮುಖ ಧಗ್ಗೆಂದಿತು.

"ನೀವು ವಸಂತ ಕಣಮ್ಮ! ನಿಮಗೆ ಹಳದಿ!"

ಮುಂದಿನವರೂ ವಸಂತ. ಆಮೇಲಿನವರೂ ವಸಂತ. ಕುಣಿಗಲ್ಲಿನಿಂದ ಬಂದಿದ್ದ ಅತ್ತೆ, ಸೊಸೆ ಇಬ್ಬರೂ ವಸಂತ. ಪುಟ್ಟರಂಗಯ್ಯನಿಗೆ ಮೊದಲು ಹೆಮ್ಮೆಯಾಯಿತು, ಆಮೇಲೆ ಅನುಮಾನ ಬಂತು. ಒಂದೂರಿನಲ್ಲಿ ಇಷ್ಟೊಂದು ವಸಂತ ಹೇಗೆ? ಬೂದು ಬಟ್ಟೆಯನ್ನು ತಿರುಗಿಸಿ ನೋಡಿದರೆ ಅಂಚಿಗೆಲ್ಲ ಅರಿಶಿನ ಮೆತ್ತಿಕೊಂಡಿತ್ತು. ಶುಕ್ರವಾರ! ಊರ ಹೆಂಗಸರೆಲ್ಲ ಕೆನ್ನೆಗೆ ಅರಿಶಿನ ಬಳಿದುಕೊಂಡೇ ಬಂದಿದ್ದರು. ಬೆಂಗಳೂರಿನ ಮೇಡಂ ಇದನ್ನು ಹೇಳಿಯೇ ಇರಲಿಲ್ಲ.

ಅಷ್ಟರಲ್ಲಿ ಸ್ಟೂಲಿನ ಮೇಲೆ ಬಂದು ಕೂತವರು ಸಾಹುಕಾರರ ಹೆಂಡತಿ ರಂಗಲಕ್ಷ್ಮಮ್ಮ. ಪೂಜೆ ಮುಗಿಸಿ ನೇರ ಬಂದಿದ್ದರು. ಪುಟ್ಟರಂಗಯ್ಯನ ಬುದ್ಧಿ ಎಲ್ಲಿ ಹೋಗಿತ್ತೋ.

"ಅಮ್ಮಾವ್ರೇ, ಒಂದ್ ಸಾರಿ ಮುಖ ತೊಳ್ಕೊಂಡು ಬರ್ತೀರಾ? ಆ ಅರಿಶಿನ ಹೋಗ್ಬೇಕು."

ರಂಗಲಕ್ಷ್ಮಮ್ಮನವರ ಕೈ ಕೆನ್ನೆಗೆ ಹೋಯಿತು.

"ಶುಕ್ರವಾರದ ದಿನ ಮುತ್ತೈದೆಗೆ ಅರಿಶಿನ ತೊಳ್ಕೋ ಅಂತೀಯೇನೋ?" ರಂಗಲಕ್ಷ್ಮಮ್ಮ ಎದ್ದು ನಿಂತರು. "ನಮ್ ಯಜಮಾನ್ರು ಇಲ್ಲೇ ಕೂತವ್ರೆ ಕಣೋ, ಕಲ್ಲುಗುಂಡು ಇದ್ದಂಗೆ!"

ಸಾಹುಕಾರರು ಗಾಬರಿಯಿಂದ ಎದೆ ಮುಟ್ಟಿ ನೋಡಿಕೊಂಡರು. ಹೆಂಗಸರೆಲ್ಲ ಪುಟ್ಟರಂಗಯ್ಯನ ಸುತ್ತ ಮುತ್ತಿಕೊಂಡರು. ಎಲ್ಲರಿಗಿಂತ ಮುಂದೆ ದೊಡ್ಡಗಂಗಮ್ಮ, ಛತ್ರಿ ಸಮೇತ.

"ತೊಳೀಬೇಡಿ! ಯಾರೂ ತೊಳೀಬೇಡಿ!" ಪುಟ್ಟರಂಗಯ್ಯ ಕೈ ಮುಗಿದ. "ಅಮ್ಮಾವ್ರೂ ವಸಂತಾನೇ! ಎಲ್ರೂ ವಸಂತಾನೇ! ಮುತ್ತೈದೇರೆಲ್ಲ ವಸಂತ, ಹಳದಿ ಉಡ್ಬೇಕು, ಶಾಸ್ತ್ರದಲ್ಲೇ ಹೇಳೈತೆ!"

ಯಾವ ಶಾಸ್ತ್ರ ಎಂದು ಯಾರೂ ಕೇಳಲಿಲ್ಲ. ರಂಗಲಕ್ಷ್ಮಮ್ಮ ಹಳದಿ ಸೀರೆಯೊಂದನ್ನು ಎತ್ತಿಕೊಂಡರು. ಅವರು ಎತ್ತಿದ್ದು ನೋಡಿ ಮಿಕ್ಕವರೂ ಬಾಚಿಕೊಂಡರು. ಯಾರೂ ಮೂಸದೆ ಅಟ್ಟದ ಮೇಲೆ ಕೊಳೆಯುತ್ತಿದ್ದ ಹಳದಿ ಸೀರೆಗಳೆಲ್ಲ ಸಂಜೆಯೊಳಗೆ ಖಾಲಿ.

ಸಾಹುಕಾರರು ಅವನನ್ನು ಕರೆದು ಬೆನ್ನು ತಟ್ಟಿದರು.

"ಗೆದ್ದೆ ಕಣೋ ಪುಟ್ಟರಂಗ. ನಿನ್ ವಿದ್ಯೆ ಸುಳ್ಳಲ್ಲ."

ಪುಟ್ಟರಂಗಯ್ಯ ಫ್ಯಾನಿನ ಕೆಳಗೆ ಆಗಲೇ ತಂದಿಟ್ಟಿದ್ದ ಹೊಸ ಕುರ್ಚಿಯ ಕಡೆ ನೋಡಿದ. "ಹಂಗಾದ್ರೆ ಕುರ್ಚಿ, ಯಜಮಾನ್ರೇ?"

"ಬಂದೋರ್ಗೆಲ್ಲ ಏನ್ ಹೇಳ್ದೆ?"

"ವಸಂತ ಅಂದೆ."

"ಒಬ್ಬರಿಗಾದ್ರೂ ಬೇರೆ ಹೇಳಿದ್ಯಾ?"

"ಇಲ್ಲ ಯಜಮಾನ್ರೇ."

"ಅದಕ್ಕೇ ನಾನೂ ಯೋಚ್ನೆ ಮಾಡ್ದೆ. ಅಷ್ಟ್ ಹೇಳೋಕೆ ಒಬ್ಬ ಮನುಷ್ಯ ಯಾಕ್ಲಾ? ಬೋರ್ಡ್ ಬರೆಸ್ಬುಟ್ಟೆ. ಗುಬ್ಬಿಗೆ ಹೇಳಿ ಕಳ್ಸಿದೀನಿ, ಬೆಳಿಗ್ಗೆ ಮೊದಲ್ನೇ ಬಸ್ಸಿಗೆ ಹೊರಡು."

ಹಿಂದೆಯೇ ಅಂಜಿನಪ್ಪ ಪೇಂಟರ್ ಅಂಗಡಿಯಿಂದ ಬೋರ್ಡು ಹೊತ್ತು ತಂದ. "ನೀವು ವಸಂತ" ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು. ಬಣ್ಣ ಇನ್ನೂ ಹಸಿಯಾಗಿತ್ತು. ಬೇಗ ಒಣಗಲಿ ಎಂದು ಅವನು ಅದನ್ನು ಹೊಸ ಕುರ್ಚಿಯ ಮೇಲೆ ನೆಟ್ಟಗೆ ಕೂರಿಸಿ, ಫ್ಯಾನು ಹಾಕಿದ.